ಐಸ್ ಕ್ರೀಮಿನ ನಡುವೆ ಗೆರೆ ಹಾಕಿದರೆ ತಪ್ಪಾ?

ಬದಿಯಡ್ಕದವ: ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಪರೀಕ್ಷೆಯಲ್ಲಿ ಐಸ್ ಕ್ರೀಮಿನ ನಡುವೆ ಹೈಫನ್ ಹಾಕಿದಳು. ಕೆಂಪು ಶಾಯಿಯ ಸುತ್ತು, ಅರ್ಧ ಮಾರ್ಕು ಕಟ್. ಕ್ಲಾಸ್‌ರೂಮ್ ಸೇರಿಸಿ ಬರೆಯಬೇಕಂತೆ, ಹೈ ಸ್ಕೂಲ್ ಬಿಡಿಸಿ. ಇದಕ್ಕೆಲ್ಲ ರೂಲ್ ಉಂಟಾ?

ಕುಂಬಳೆ ಟೀಚರ್: ಉಂಟು. ಉಚ್ಚರಿಸುವಾಗ ಮೊದಲ ಪದಕ್ಕೆ ಒತ್ತು ಬಿದ್ದರೆ ಸೇರಿಸುವುದು. ಬ್ಲ್ಯಾಕ್‌ಬರ್ಡ್ ಒಂದು ಜಾತಿಯ ಹಕ್ಕಿ. ಬಿಡಿಸಿದರೆ ಕಪ್ಪಗಿರುವ ಯಾವ ಹಕ್ಕಿಯೂ ಆದೀತು, ನಮ್ಮ ಕಾಗೆಯೂ.

ಪ್ರೂಫ್ ನೋಡುವವ: ಬಸ್ ಸ್ಟಾಪ್‌ನಲ್ಲಿ ಒತ್ತು ಬಸ್ಸಿನ ಮೇಲೆಯೇ, ಬರೆಯುವುದು ಬಿಡಿಸಿ. ನಿಮ್ಮ ರೂಲ್ ಕುಂಬಳೆ ದಾಟಲಿಲ್ಲ ಟೀಚರೇ. ಬಳಸಿ ಬಳಸಿ ಪದಗಳು ಅಂಟಿಕೊಳ್ಳುತ್ತವೆ, ಅಷ್ಟೇ. ಇಮೇಲಿನ ಹೈಫನನ್ನು ಅಮೆರಿಕದ ಸುದ್ದಿಸಂಸ್ಥೆ ಎಪಿಯ ಬರವಣಿಗೆ ಕೈಪಿಡಿ, ಎಪಿ ಸ್ಟೈಲ್‌ಬುಕ್, ಕೈಬಿಟ್ಟದ್ದು 2011ರಲ್ಲಿ.

ಕುಂಬಳೆ ಟೀಚರ್: "ಅಂಟಿಕೊಳ್ಳುತ್ತವೆ"ಯಂತೆ! 2007ರ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸುಮಾರು 16,000 ಪದಗಳ ಹೈಫನ್ ಕಿತ್ತಿತು. ಐಸ್ ಕ್ರೀಮನ್ನು ಬಿಡಿಸಿತು, ದುಂಬಿಯ ಹೆಸರಾದ ಬಂಬಲ್‌ಬೀಯನ್ನು ಸೇರಿಸಿತು. ಐಸ್ ಕ್ರೀಮಿಗಿಂತ ಹೆಚ್ಚು ಬಳಕೆಯಾ ಬಂಬಲ್‌ಬೀಗೆ?

ನೀರ್ಚಾಲು ಕೃಷಿಕ: ಮಾರ್ಕು ಕಡಿದ ಮಾಷ್ಟ್ರಿಗೆ ಕನ್ನಡ ಬರುತ್ತದಾ? ಅದು ಹೇಳಿ ಮೊದಲು.

ಬದಿಯಡ್ಕದವ: ಇಲ್ಲ. ಮಲಯಾಳ ಮಾತ್ರ.

ನೀರ್ಚಾಲು ಕೃಷಿಕ: ಹಾಂ, ಈಗ ಬಂತು ವಿಷಯ!

ಪ್ರೂಫ್ ನೋಡುವವ: ಇಂಗ್ಲಿಷ್ ಹೈಫನಿಗೂ ಅದಕ್ಕೂ ಏನು ಸಂಬಂಧ ಮಾರಾಯ್ರೆ?

ನೀರ್ಚಾಲು ಕೃಷಿಕ: "ಏನು ಸಂಬಂಧ"ವಾ? ಯಾಕೆ ತಪ್ಪು ಅಂತ ಆ ಮಗು ಯಾವ ಭಾಷೆಯಲ್ಲಿ ಕೇಳಬೇಕು? 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಂದಿನಿಂದ ಇದೇ ಗೋಳು.

ಚೆರ್ಕಳದ ಹುಡುಗ: ನನಗೆ ಇಂಗ್ಲಿಷ್ ಕಲಿಸಿದ್ದು ಮಲಯಾಳಿ ಟೀಚರೇ. ಬೆಂಗಳೂರಲ್ಲಿ ಈಗ ಅದೇ ಇಂಗ್ಲಿಷ್ ಅನ್ನ ಹಾಕುತ್ತಿದೆ.

ನೀರ್ಚಾಲು ಕೃಷಿಕ: ಬೆಂಗಳೂರಲ್ಲಿ ಕೂತು ಊರಿನ ಶಾಲೆಗೆ ಬುದ್ಧಿ ಹೇಳುವುದು ಸುಲಭ.

ಚೆರ್ಕಳದ ಹುಡುಗ: ಕೂತದ್ದಲ್ಲ, ದುಡಿಯುವುದು. ನಿಮ್ಮ ಮೊಮ್ಮಕ್ಕಳು ಯಾವ ಮೀಡಿಯಂ ಅಣ್ಣಾ?

ನೀರ್ಚಾಲು ಕೃಷಿಕ: ಅದು ಇಲ್ಲಿ ಬೇಡದ ಮಾತು.

ಚೆರ್ಕಳದ ಹುಡುಗ: ಬೇಡದ ಮಾತೇ. ಇಂಗ್ಲಿಷ್ ಮೀಡಿಯಂ ವ್ಯಾನ್ ಗೇಟಿಗೇ ಬರುತ್ತದಲ್ಲ.

ನೀರ್ಚಾಲು ಕೃಷಿಕ: ನಾಲಗೆ ಹಿಡಿತದಲ್ಲಿರಲಿ! ಮನೆ ವಿಷಯ ತೆಗೆದರೆ ನಾನೂ ತೆಗೆಯಬೇಕಾದೀತು.

ಕುಂಬಳೆ ಟೀಚರ್: ಪ್ರೂಫಿನವರು ಬಂಬಲ್‌ಬೀಗೆ ಉತ್ತರ ಕೊಡದೆ ನುಣುಚಿಕೊಂಡದ್ದು ಗಮನಕ್ಕೆ ಬಂತು.

ಪ್ರೂಫ್ ನೋಡುವವ: ಬಸ್ ಸ್ಟಾಪಿಗೆ ನೀವು ಕೊಟ್ಟ ಮೇಲೆ ಕೊಡುತ್ತೇನೆ.

ಬದಿಯಡ್ಕದವ: ಮಗಳು ಬರೆದದ್ದು ಸರಿಯೋ ತಪ್ಪೋ, ಅಷ್ಟು ಹೇಳಿ.

ಪ್ರೂಫ್ ನೋಡುವವ: 2007ಕ್ಕಿಂತ ಹಿಂದಿನ ಶಾರ್ಟರ್ ಆಕ್ಸ್‌ಫರ್ಡ್ ತೆಗೆದರೆ ಸರಿ.

ಕುಂಬಳೆ ಟೀಚರ್: ಪರೀಕ್ಷೆ ಈ ವರ್ಷದ್ದು.

ನೀರ್ಚಾಲು ಕೃಷಿಕ: ವ್ಯಾನಿನ ವಿಷಯ ನಿನಗೆ ಯಾರು ಹೇಳಿದ್ದು?