ಅಮೆರಿಕದ ಗಡಿಸೀಮೆಯ (ಹೊಸದಾಗಿ ಜನ ನೆಲೆಸುತ್ತಿದ್ದ ಪಶ್ಚಿಮದ) ಕೌಂಟಿಗಳಲ್ಲಿ (ಜಿಲ್ಲೆಗಳಲ್ಲಿ) ಪೇಟೆ ಹುಟ್ಟಿದ್ದು ಹೇಗೆ, ಕಸುಬಿನವರು ಬದುಕಿದ್ದು ಹೇಗೆ?

ಪ್ರಶ್ನೆ (ಶನಿವಾರಸಂತೆಯಿಂದ)

ನಮ್ಮ ತಾತ ಶನಿವಾರಸಂತೆಯ ಬಳಿ ಎತ್ತಿನ ಗಾಡಿ ಮಾಡುತ್ತಿದ್ದರು. ಗುಂಬ (ಚಕ್ರದ ನಡುಭಾಗ) ಕೊರೆಯುವುದು, ಅರೆಕಾಲು (ಚಕ್ರದ ಕಡ್ಡಿ) ಕೂರಿಸುವುದು, ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ನೀರು ಹೊಯ್ಯುವುದು, ಇವನ್ನೆಲ್ಲ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವನು ನಾನು. ಈಚೆಗೆ ಅಬ್ರಹಾಂ ಲಿಂಕನ್ ಅವರ ಯೌವನದ ಬಗ್ಗೆ ಓದುತ್ತಿದ್ದಾಗ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಊರಿನ ವಿವರ ಸಿಕ್ಕಿತು. ಅಲ್ಲಿಯೂ ಗಾಡಿ ಮಾಡುವ ಒಬ್ಬ ಕಮ್ಮಾರನಿದ್ದ ಎಂದು ತಿಳಿದ ಮೇಲೆ ಆ ಊರು ಮನಸ್ಸಿನಿಂದ ಹೋಗುತ್ತಿಲ್ಲ.

ನಮ್ಮ ಕೊಡಗಿನಲ್ಲಿ ಪೇಟೆಗಳು ಹುಟ್ಟಿದ ಬಗೆ ಒಂದಷ್ಟು ಗೊತ್ತಿದೆ. ಮಡಿಕೇರಿಯನ್ನು ಮುದ್ದುರಾಜ 1681ರಲ್ಲಿ ರಾಜಧಾನಿ ಮಾಡಿಕೊಂಡ. ವಿರಾಜಪೇಟೆಯನ್ನು ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ. ಸೋಮವಾರಪೇಟೆ, ಶನಿವಾರಸಂತೆಗಳ ಹೆಸರಿನಲ್ಲೇ ವಾರ ಕುಳಿತಿದೆ. ಆದರೆ ಅರಸನೂ ಇಲ್ಲದ, ದೇವಸ್ಥಾನವೂ ಇಲ್ಲದ, ತಲೆಮಾರುಗಳಿಂದ ನಡೆದುಬಂದ ಸಂತೆಯೂ ಇಲ್ಲದ ಕಡೆ ಇಲ್ಲೊಂದು ಪೇಟೆ ಆಗಲಿ ಎಂದು ತೀರ್ಮಾನಿಸುತ್ತಿದ್ದವರು ಯಾರು? ಒಬ್ಬ ಬಡಗಿ ಅಥವಾ ಕಮ್ಮಾರ ಯಾವ ಭರವಸೆಯ ಮೇಲೆ ಅಂಥ ಜಾಗಕ್ಕೆ ಸಾಮಾನು ಹೊತ್ತು ಬರುತ್ತಿದ್ದ? ನ್ಯೂ ಸೇಲಂ ಹತ್ತೇ ವರ್ಷಗಳಲ್ಲಿ ಬರಿದಾದದ್ದೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಉತ್ತರ 1 (ಮಡಿಕೇರಿಯಿಂದ)

ಮಾನ್ಯರೇ, ತಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಪಳಿ ಹಿಡಿದ ಅಳತೆಗಾರನಿಂದ ಶುರುವಾಗುತ್ತದೆ. 1785ರ ಭೂ ಕಾನೂನಿನ ಪ್ರಕಾರ ಪಶ್ಚಿಮದ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆದು, ಪ್ರತಿ ಚೌಕವನ್ನು 640 ಎಕರೆಯ 36 ಭಾಗಗಳಾಗಿ ಒಡೆಯುತ್ತಿದ್ದರು. ಅವುಗಳಲ್ಲಿ 16ನೆಯ ಭಾಗ ಶಾಲೆಗೆ ಮೀಸಲು. 1820ರ ಕಾನೂನು ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್ ಬೆಲೆ ಕಟ್ಟಿತು. ಹೀಗಾಗಿ ನೆಲ ಕೊಂಡವನು ಅದನ್ನು ಬೀದಿ, ನಿವೇಶನಗಳಾಗಿ ಗುರುತಿಸಿ ಮಾರಿದರೆ ಕಾಗದದ ಮೇಲೆ ಒಂದು ಪೇಟೆ ಸಿದ್ಧವಾದಂತೆಯೇ. ಅದು ನಿಜವಾದ ಪೇಟೆಯಾಗಬೇಕಾದರೆ ಮಾತ್ರ ಜನ ಅಲ್ಲಿಗೆ ಬರಲೇಬೇಕಾದ ಒಂದು ಕಾರಣ ಬೇಕಿತ್ತು.

ನ್ಯೂ ಸೇಲಂನಲ್ಲಿ ಆ ಕಾರಣ ಗಿರಣಿ. ಜೇಮ್ಸ್ ರಟ್ಲೆಜ್ ಮತ್ತು ಜಾನ್ ಕ್ಯಾಮ್ರನ್ ಎಂಬಿಬ್ಬರು ಸ್ಯಾಂಗಮನ್ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಹಿಟ್ಟು ಬೀಸುವ ಮತ್ತು ಮರ ಕೊಯ್ಯುವ ಗಿರಣಿ ಹೂಡಿ, 1829ರಲ್ಲಿ ಅದರ ಮೇಲಿನ ದಿಬ್ಬದ ಮೇಲೆ ನಿವೇಶನಗಳನ್ನು ಗುರುತಿಸಿದರು. ಮುಸುಕಿನ ಜೋಳದ ಮೂಟೆ ಹೊತ್ತು ಬಂದ ರೈತ ತನ್ನ ಸರದಿಗಾಗಿ ಅರ್ಧ ದಿನವೋ ಒಂದು ದಿನವೋ ಕಾಯಬೇಕಾಗುತ್ತಿತ್ತು. ಆ ಕಾಯುವ ಹೊತ್ತೇ ಪೇಟೆಯ ಬಂಡವಾಳ. ಕುದುರೆಗೆ ಲಾಳ ಹೊಡೆಸಬಹುದು, ಹರಿದ ಬೂಟು ಹೊಲಿಸಬಹುದು, ಉಪ್ಪು, ಸಕ್ಕರೆ ಕೊಳ್ಳಬಹುದು. ಒಂದು ಸಂತೆಯ ಕೆಲಸವನ್ನು ಅಲ್ಲಿ ಗಿರಣಿ ಪ್ರತಿದಿನ ಮಾಡುತ್ತಿತ್ತು ಎಂದು ತಾವು ಭಾವಿಸಬಹುದು.

ತಮ್ಮ ಕುತೂಹಲದ ಕಮ್ಮಾರನ ಹೆಸರು ಜೋಷುವಾ ಮಿಲ್ಲರ್. ಹೆನ್ರಿ ಆನ್‌ಸ್ಟಾಟ್ ಪೀಪಾಯಿ ಮಾಡುತ್ತಿದ್ದ. ಮಾರ್ಟಿನ್ ವಾಡೆಲ್ ಟೋಪಿ, ಪೀಟರ್ ಲುಕಿನ್ಸ್ ಪಾದರಕ್ಷೆ. ಸ್ಯಾಮ್ಯುಯೆಲ್ ಹಿಲ್ ಅಂಗಡಿಯ ಜೊತೆಗೆ ಎತ್ತುಗಳ ಬಲದಿಂದ ನಡೆಯುವ ಉಣ್ಣೆ ಹಿಂಜುವ ಯಂತ್ರವನ್ನೂ ಇಟ್ಟಿದ್ದ. ಊರು ಅತ್ಯಂತ ದೊಡ್ಡದಾಗಿದ್ದಾಗಲೂ ಇದ್ದದ್ದು 25ರ ಆಸುಪಾಸಿನ ಕುಟುಂಬಗಳು. ಇವರಲ್ಲಿ ಪೀಪಾಯಿ ಮಾಡುವವನ ಮಹತ್ವ ನಮಗೆ ತಕ್ಷಣ ಹೊಳೆಯುವುದಿಲ್ಲ. ಹಿಟ್ಟು, ಉಪ್ಪು ಹಾಕಿದ ಹಂದಿ ಮಾಂಸ, ವಿಸ್ಕಿ, ಎಲ್ಲವೂ ಪೀಪಾಯಿಯಲ್ಲೇ ದೂರದ ಊರಿಗೆ ಹೋಗಬೇಕಿದ್ದುದರಿಂದ ಆನ್‌ಸ್ಟಾಟ್‌ನ ಕೈಗೆ ಬಿಡುವಿರಲಿಲ್ಲ. ನಮ್ಮಲ್ಲಿ ಗೋಣಿಚೀಲ ಇಲ್ಲದ ಕಾಫಿ ವ್ಯಾಪಾರವನ್ನು ಊಹಿಸಿಕೊಂಡರೆ ಅವನ ಸ್ಥಾನ ಅರ್ಥವಾಗುತ್ತದೆ.

ಲಿಂಕನ್ ಈ ಊರನ್ನು ಕಂಡದ್ದೂ ಗಿರಣಿಯ ಕಟ್ಟೆಯಿಂದಾಗಿಯೇ. 1831ರ ಏಪ್ರಿಲ್‌ನಲ್ಲಿ ಅವರು ನಡೆಸುತ್ತಿದ್ದ ಸರಕಿನ ದೋಣಿ ಆ ಕಟ್ಟೆಯ ಮೇಲೆ ಸಿಕ್ಕಿಹಾಕಿಕೊಂಡಿತು. ಅದೇ ವರ್ಷ ಮರಳಿ ಬಂದು 1837ರವರೆಗೆ ಅಲ್ಲೇ ನೆಲೆಸಿ, ಅಂಗಡಿ ಕೆಲಸ, ಅಂಚೆ ಕೆಲಸ, ಭೂಮಿ ಅಳತೆ ಎಲ್ಲವನ್ನೂ ಮಾಡಿದರು. ವಿಲಿಯಂ ಬೆರ್ರಿಯ ಪಾಲುದಾರಿಕೆಯಲ್ಲಿ ನಡೆಸಿದ ಅಂಗಡಿ ಮುಳುಗಿತು. 1835ರಲ್ಲಿ ಬೆರ್ರಿ ತೀರಿಕೊಂಡ ಮೇಲೆ ಸಾಲದ ಹೊರೆಯೆಲ್ಲ ಲಿಂಕನ್ ಅವರ ಹೆಗಲಿಗೆ ಬಿತ್ತು, ಅದನ್ನು ಅವರು ಅನೇಕ ವರ್ಷ ತೀರಿಸಿದರು.

ಊರು ಬರಿದಾದ ಕಾರಣ ಒಂದಲ್ಲ, ಹಲವು. ನದಿಯಲ್ಲಿ ಹಬೆ ಹಡಗು ಓಡುತ್ತದೆ ಎಂಬ ಆಸೆ ಇತ್ತು. 1832ರಲ್ಲಿ ಟಾಲಿಸ್ಮನ್ ಎಂಬ ಹಡಗು ಬಂದದ್ದೂ ನಿಜ, ಆದರೆ ನೀರು ಇಳಿಯುತ್ತಿದ್ದಂತೆ ಅದು ಬಹಳ ಕಷ್ಟದಿಂದ ಹಿಂದಿರುಗಬೇಕಾಯಿತು. ಎರಡು ಮೈಲಿ ದೂರದಲ್ಲಿ ಪೀಟರ್ಸ್‌ಬರ್ಗ್ ಎಂಬ ಹೊಸ ಪೇಟೆ ಎದ್ದಿತು. 1836ರಲ್ಲಿ ಅದರ ಬೀದಿಗಳನ್ನು ಅಳೆದುಕೊಟ್ಟವರು ಸ್ವತಃ ಲಿಂಕನ್. ಅದೇ ವರ್ಷ ಅಂಚೆ ಕಚೇರಿ ಅಲ್ಲಿಗೆ ಹೋಯಿತು. 1839ರಲ್ಲಿ ಸ್ಯಾಂಗಮನ್ ಕೌಂಟಿಯನ್ನು ಒಡೆದು ಮೆನಾರ್ಡ್ ಕೌಂಟಿ ರಚಿಸಿ, ಪೀಟರ್ಸ್‌ಬರ್ಗನ್ನು ಅದರ ಕೇಂದ್ರ ಮಾಡಿದರು. ನ್ಯಾಯಾಲಯ, ಭೂ ದಾಖಲೆ, ತೆರಿಗೆ, ವಕೀಲರು ಎಲ್ಲವೂ ಕೇಂದ್ರದಲ್ಲೇ ಇದ್ದ ಕಾರಣ ಗಿರಾಕಿಯ ಕಾಲು ಅತ್ತ ತಿರುಗಿತು, ಕಸುಬಿನವರೂ ಹಿಂದೆಯೇ ಹೋದರು.

ಉತ್ತರ 2 (ವಿರಾಜಪೇಟೆಯಿಂದ)

ಮೇಲಿನವರು ಊರಿನ ಕಥೆ ಹೇಳಿದ್ದಾರೆ. ನಾನು ಕಸುಬಿನವರ ಸಂಬಳದ ವಿಷಯ ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆಯವರಿಗೆ ಅದು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಗಡಿಸೀಮೆಯಲ್ಲಿ ನಗದು ಹಣ ಬಹಳ ವಿರಳ. ಗಿರಣಿಯವನು ಬೀಸಿದ ಕಾಳಿನಲ್ಲಿ ಕಾನೂನು ನಿಗದಿ ಮಾಡಿದ ಒಂದು ಪಾಲನ್ನು ಕೂಲಿಯಾಗಿ ಇಟ್ಟುಕೊಳ್ಳುತ್ತಿದ್ದ. ಅಂಗಡಿಯವನು ಜೇನುಮೇಣ, ತೊಗಲು, ಜೋಳ, ಹಂದಿ ಮಾಂಸಗಳನ್ನು ಸರಕಿನ ಬೆಲೆಯಾಗಿ ಪಡೆದು, ಉಳಿದದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕೊಡಗಿನಲ್ಲಿ ಐರಿಯವರು (ಕಮ್ಮಾರ, ಬಡಗಿ ಕಸುಬಿನ ಸಮುದಾಯದವರು) ಕತ್ತಿ, ನೇಗಿಲು ಮಾಡಿಕೊಟ್ಟು ಕೊಯ್ಲಿನ ನಂತರ ಕಳದಲ್ಲಿ ಬತ್ತ ಅಳೆಸಿಕೊಳ್ಳುತ್ತಿದ್ದುದಕ್ಕೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆ ಇದೆ. ವ್ಯತ್ಯಾಸ ಇರುವುದು ಬಾಂಧವ್ಯದಲ್ಲಿ. ಐರಿಗೆ ಊರೂ ಒಕ್ಕವೂ (ಮನೆತನವೂ) ಗೊತ್ತಿದ್ದವು. ಮಗನಿಗೂ ಅದೇ ಕಸುಬು, ಅದೇ ಮನೆಗಳು. ಅಲ್ಲಿನ ಕಮ್ಮಾರನಾದರೋ ಕುಲುಮೆಯ ಪಕ್ಕದಲ್ಲೇ ಹೊಲ ಉಳುತ್ತಿದ್ದ, ಊರು ಹಿಡಿಸದಿದ್ದರೆ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಗಾಡಿಗೆ ಹೇರಿಕೊಂಡು ಮುಂದಿನ ಕೌಂಟಿಗೆ ಹೊರಡುತ್ತಿದ್ದ.

ಇದಕ್ಕೆ ಒಳ್ಳೆಯ ಉದಾಹರಣೆ ಜಾನ್ ಡೀರ್. ಆತ ವರ್ಮಾಂಟ್‌ನ ಕಮ್ಮಾರ. 1836ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಗೆ ಬಂದ. ಪೂರ್ವದಿಂದ ತಂದ ಎರಕದ ಕಬ್ಬಿಣದ ನೇಗಿಲುಗಳಿಗೆ ಅಲ್ಲಿನ ಜಿಗುಟು ಕರಿಮಣ್ಣು ಮೆತ್ತಿಕೊಂಡು, ರೈತರು ಹೆಜ್ಜೆಹೆಜ್ಜೆಗೂ ನಿಂತು ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಆತ ಮುರಿದ ಗರಗಸದ ಉಕ್ಕಿನ ಅಲಗಿನಿಂದ ನುಣುಪಾದ ನೇಗಿಲು ಮಾಡಿದ. ಮಣ್ಣು ತಾನಾಗಿ ಜಾರಿತು. 1848ರಲ್ಲಿ ಮಿಸಿಸಿಪ್ಪಿ ನದಿಯ ದಡದ ಮೊಲೀನ್‌ಗೆ ಕೆಲಸ ವರ್ಗಾಯಿಸಿದ, ಅಲ್ಲಿ ನೀರಿನ ಬಲವೂ ಸಾಗಣೆಯೂ ಸುಲಭವಾಗಿತ್ತು. ರಿಪೇರಿ ಕೆಲಸಕ್ಕೆ ಬಂದವನು ಗಿರಾಕಿಯ ಕಷ್ಟವನ್ನು ಗಮನವಿಟ್ಟು ನೋಡಿದ್ದರಿಂದ ಇದು ಸಾಧ್ಯವಾಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ತಾವು ಹೆಸರು, ಕಸುಬುಗಳನ್ನು ಹುಡುಕುವುದಾದರೆ 1850ರ ಜನಗಣತಿಯಿಂದ ಆರಂಭಿಸಿ. ಮನೆಯ ಯಜಮಾನನ ಹೆಸರಷ್ಟೇ ಅಲ್ಲದೆ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ, 15 ವರ್ಷ ಮೀರಿದ ಗಂಡಸರ ಕಸುಬನ್ನೂ ಬರೆದ ಮೊದಲ ಗಣತಿ ಅದು. 1890ರ ಗಣತಿಯ ಹಾಳೆಗಳು 1921ರ ಬೆಂಕಿ ಅನಾಹುತದ ಪರಿಣಾಮವಾಗಿ ಬಹುಪಾಲು ನಾಶವಾದ ಕಾರಣ ಆ ವರ್ಷದ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಉತ್ತರ 3 (ಕುಶಾಲನಗರದಿಂದ)

ಇಬ್ಬರ ಉತ್ತರವನ್ನೂ ಗೌರವದಿಂದ ಓದಿದೆ. ಒಂದು ಮಾತನ್ನು ಮಾತ್ರ ಸೇರಿಸಲೇಬೇಕು. ಸ್ವತಂತ್ರ ವ್ಯಕ್ತಿ ಎಂಬ ಪದದ ಹಿಂದೆ ಏನಿದೆ ಎಂಬುದನ್ನು ಬಿಟ್ಟರೆ ಚಿತ್ರ ಅರ್ಧವೇ ಆಗುತ್ತದೆ. ಅದೇ 1850ರ ಗಣತಿಯಲ್ಲಿ ಗುಲಾಮರನ್ನು ಪ್ರತ್ಯೇಕ ಪಟ್ಟಿಯಲ್ಲಿ ವಯಸ್ಸು, ಲಿಂಗ, ಮೈಬಣ್ಣಗಳಿಂದ ಗುರುತಿಸಿದ್ದಾರೆ, ಹೆಸರಿಲ್ಲ. ಗುಲಾಮಗಿರಿಯಿಲ್ಲದ ರಾಜ್ಯವೆನಿಸಿಕೊಂಡ ಇಲಿನಾಯ್ ಕೂಡ 1853ರಲ್ಲಿ ಹೊರಗಿನ ಕಪ್ಪು ಜನರು ಒಳಗೆ ಬಂದು ನೆಲೆಸುವುದನ್ನು ನಿಷೇಧಿಸಿತು. ಅಳತೆಗಾರನ ಸರಪಳಿ ಬೀಳುವ ಮೊದಲೂ ಆ ನೆಲ ಖಾಲಿ ಇರಲಿಲ್ಲ. 1819ರ ಒಪ್ಪಂದದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕಿಕಪೂ ಜನರು ಮಧ್ಯ ಇಲಿನಾಯ್‌ನ ನೆಲವನ್ನು ಬಿಟ್ಟುಕೊಡಬೇಕಾದ ಮೇಲಷ್ಟೇ ಅಲ್ಲಿ ಗಿರಣಿ ಎದ್ದದ್ದು.

ಹೀಗಾಗಿ ತಾವು ಕ್ಯಾನ್ಸಸ್‌ನ ಗ್ರಹಾಂ ಕೌಂಟಿಯ ನಿಕೋಡಿಮಸ್ ಊರಿನ ಬಗ್ಗೆಯೂ ಓದಬೇಕೆಂದು ಕೋರುತ್ತೇನೆ. 1877ರಲ್ಲಿ ಕೆಂಟಕಿಯಿಂದ ಬಂದ ಕಪ್ಪು ಕುಟುಂಬಗಳು ಅದನ್ನು ಕಟ್ಟಿದವು. ಅವರಲ್ಲಿ ಅನೇಕರು ಹನ್ನೆರಡು ವರ್ಷಗಳ ಹಿಂದಿನವರೆಗೂ ಗುಲಾಮರಾಗಿದ್ದವರು. ಮರವೇ ಇಲ್ಲದ ಬಯಲಾದ್ದರಿಂದ ನೆಲದಲ್ಲಿ ಗುಂಡಿ ತೋಡಿ ಮೇಲೆ ಹುಲ್ಲುಮಣ್ಣು ಹೊದಿಸಿ ಮೊದಲ ಚಳಿಗಾಲ ಕಳೆದರು. ಆ ದಿನಗಳಲ್ಲಿ ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನರು ಆಹಾರ ಹಂಚಿಕೊಂಡರು. ಹತ್ತು ವರ್ಷದೊಳಗೆ ಅಲ್ಲಿ ಅಂಗಡಿ, ಹೋಟೆಲು, ಶಾಲೆ, ಚರ್ಚು, ಎರಡು ಪತ್ರಿಕೆಗಳು ಎಲ್ಲವೂ ಇದ್ದವು. ರೈಲು ತಮ್ಮೂರಿಗೆ ಬರುತ್ತದೆಂಬ ನಂಬಿಕೆ ಗಟ್ಟಿಯಾಗಿತ್ತು. 1888ರಲ್ಲಿ ಹಳಿ ನದಿಯ ಆಚೆ ದಡದಲ್ಲಿ ಬಿತ್ತು. ವ್ಯಾಪಾರಿಗಳು ಕೆಲವು ಕಟ್ಟಡಗಳನ್ನೇ ಕಿತ್ತು ಆಚೆಯ ಬೋಗ್ ಪೇಟೆಗೆ ಸಾಗಿಸಿದರು. ಆದರೂ ನಿಕೋಡಿಮಸ್ ಪೂರ್ತಿ ಅಳಿಯಲಿಲ್ಲ. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ರೈಲನ್ನೇ ಕಾಣದ ನಮ್ಮ ಜಿಲ್ಲೆಯಲ್ಲಿ ಗಾಡಿ ಮಾಡುವವರಿಗೆ ಲಾರಿ ಬರುವವರೆಗೂ ಕೆಲಸ ಇದ್ದದ್ದು ಆಶ್ಚರ್ಯವಲ್ಲ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆದ ಮೇಲೆ ಬೀಜ ಘಟ್ಟ ಇಳಿಯಬೇಕಾದದ್ದು ಗಾಡಿಯಲ್ಲೇ ಅಲ್ಲವೇ? ತಮ್ಮ ತಾತನವರ ಕಸುಬನ್ನು ಈ ಕೋನದಿಂದಲೂ ನೋಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಆನ್‌ಸ್ಟಾಟ್‌ನ ಪೀಪಾಯಿ ಮನೆಯನ್ನು 1840ರಲ್ಲಿ ಪೀಟರ್ಸ್‌ಬರ್ಗ್‌ಗೆ ಸಾಗಿಸಿ, 1922ರಲ್ಲಿ ಮತ್ತೆ ಹಳೆಯ ಜಾಗಕ್ಕೆ ತಂದರೆಂದೂ, ಇಂದು ಅಲ್ಲಿರುವ ಮೂಲ ಕಟ್ಟಡ ಅದೊಂದೇ ಎಂದೂ ಓದಿ ತಿಳಿದುಕೊಂಡೆ. ನಮ್ಮ ಅಟ್ಟದ ಮೇಲೆ ತಾತನ ಉಳಿಗಳೂ ಒಂದು ಲೆಕ್ಕದ ಪುಸ್ತಕವೂ ಉಳಿದಿವೆ. ಅದರಲ್ಲಿ ಯಾರ ಗಾಡಿಗೆ ಯಾವ ಮರ, ಎಷ್ಟು ಬತ್ತ ಬಾಕಿ ಎಂದು ಬರೆದಿದ್ದಾರೆ. ಹಾಳೆಗಳು ಪುಡಿಯಾಗುವ ಮೊದಲು ಅದನ್ನು ಪ್ರತಿ ಮಾಡಲು ನಿನ್ನೆ ಸಂಜೆಯಿಂದ ಕುಳಿತಿದ್ದೇನೆ. ಸೋಮವಾರಪೇಟೆ, ಕೊಡ್ಲಿಪೇಟೆ ಕಡೆಯ ಕಸುಬಿನ ಮನೆಗಳಲ್ಲಿ ಇಂಥ ಪುಸ್ತಕ ಇದ್ದರೆ ದಯವಿಟ್ಟು ಇಲ್ಲೇ ತಿಳಿಸಿ, ನಾನೇ ಬಂದು ನೋಡಿ ಬರೆದುಕೊಳ್ಳುತ್ತೇನೆ.