ಬ್ಯಾಡಗಿ, ಹುಬ್ಬಳ್ಳಿ ಮೆಣಸಿನಕಾಯಿ ಧಾರಣೆ: ಕೋಇಂಟಿಗ್ರೇಷನ್ ಮಾಡಿದವರು ಅನುಭವ ಹೇಳಿ

ಪ್ರಶ್ನೆ, ಧಾರವಾಡದ ಎಂ.ಎ. ವಿದ್ಯಾರ್ಥಿನಿ:
ಬ್ಯಾಡಗಿ ಮತ್ತು ಹುಬ್ಬಳ್ಳಿ ಎಪಿಎಂಸಿಗಳ ಒಣಮೆಣಸಿನಕಾಯಿ ಧಾರಣೆ ವರ್ಷಗಟ್ಟಲೆ ಜೊತೆಜೊತೆಗೆ ಸಾಗುತ್ತದೆಯೇ (ಇದಕ್ಕೇ ಕೋಇಂಟಿಗ್ರೇಷನ್ ಅನ್ನುವುದು) ಎಂದು ಪ್ರಾಜೆಕ್ಟ್‌ನಲ್ಲಿ ನೋಡಬೇಕು. ತಿಂಗಳ ಸರಾಸರಿ ಹಿಡಿದು ರಿಗ್ರೆಷನ್ (ಒಂದು ಧಾರಣೆಯಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಮಾಡಿದೆ, ಆರ್-ಸ್ಕ್ವೇರ್ (ಅಂದಾಜು ಎಷ್ಟು ಹೊಂದುತ್ತದೆ ಎಂಬ ಅಳತೆ) ಚೆನ್ನಾಗಿ ಬಂತು. ಇಷ್ಟು ಸಾಕಲ್ವಾ?

ಉತ್ತರ, ಹಾವೇರಿಯಿಂದ, ಕೃಷಿ ಅರ್ಥಶಾಸ್ತ್ರ ಕಲಿಸುವವರು:
ಸಾಲದು ತಂಗಿ. ಎರಡೂ ಧಾರಣೆ ಏರುತ್ತಾ ಹೋಗಿದ್ದರೆ, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ ಆರ್-ಸ್ಕ್ವೇರ್ ಜಾಸ್ತಿ ಬರಬಹುದು. ಗ್ರೇಂಜರ್ ಮತ್ತು ನ್ಯೂಬೋಲ್ಡ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲೇ ಇದನ್ನು ತೋರಿಸಿದ್ದರು. ನಿಮ್ಮ ಔಟ್‌ಪುಟ್‌ನಲ್ಲಿ ಡರ್ಬಿನ್-ವಾಟ್ಸನ್ ಸಂಖ್ಯೆ (ಒಂದು ತಿಂಗಳ ತಪ್ಪು ಮುಂದಿನ ತಿಂಗಳಿಗೂ ಅಂಟಿಕೊಂಡಿದೆಯೇ ಎಂದು ಹೇಳುವುದು) ನೋಡಿ. ಅದು ಆರ್-ಸ್ಕ್ವೇರ್‌ಗಿಂತ ಕಡಿಮೆ ಇದ್ದರೆ ಆ ರಿಗ್ರೆಷನ್ ನಂಬಬೇಡಿ.

ಮೊದಲು ಎರಡೂ ಧಾರಣೆಗಳ ಲಾಗ್ (ಲಾಗರಿದಮ್) ತೆಗೆದು, ಒಂದೊಂದಕ್ಕೂ ಎಡಿಎಫ್ ಟೆಸ್ಟ್ ಮಾಡಿ. ಸರಣಿ ಸ್ಟೇಷನರಿಯೇ, ಅಂದರೆ ಒಂದು ಸ್ಥಿರ ಮಟ್ಟದ ಸುತ್ತಲೇ ಇರುತ್ತದೆಯೇ ಎಂದು ಅದು ನೋಡುತ್ತದೆ. ಧಾರಣೆ ಸ್ಟೇಷನರಿ ಆಗಿರಬಾರದು, ಅದರ ಮೊದಲ ಡಿಫರೆನ್ಸ್ (ತಿಂಗಳಿಂದ ತಿಂಗಳಿಗೆ ಆದ ಬದಲಾವಣೆ) ಸ್ಟೇಷನರಿ ಆಗಿರಬೇಕು. ಆಮೇಲೆ ಎಂಗಲ್-ಗ್ರೇಂಜರ್ 1987ರಲ್ಲಿ ಕೊಟ್ಟ ದಾರಿ: ಒಂದರ ಮೇಲೆ ಇನ್ನೊಂದರ ರಿಗ್ರೆಷನ್ ಮಾಡಿ, ಉಳಿದ ರೆಸಿಡ್ಯುವಲ್ (ನಿಜವಾದ ಧಾರಣೆಗೂ ಅಂದಾಜಿಗೂ ಇರುವ ವ್ಯತ್ಯಾಸ) ಸ್ಟೇಷನರಿಯೇ ಎಂದು ಪರೀಕ್ಷಿಸುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ರೆಸಿಡ್ಯುವಲ್ ಸೇವ್ ಮಾಡಿ ಸುಮ್ನೆ ಎಡಿಎಫ್ ಬಟನ್ ಒತ್ತಿದರೆ, ಸಾಫ್ಟ್‌ವೇರ್ ಕೊಡುವ ಪಿ-ವ್ಯಾಲ್ಯೂ ಈ ಕೆಲಸಕ್ಕೆ ಸರಿಹೊಂದುವುದಿಲ್ಲ. ಇದಕ್ಕೆಂದೇ ಇರುವ ಮ್ಯಾಕಿನನ್ ಟೇಬಲ್‌ನ ಮಿತಿಗಳು ಇನ್ನೂ ಬಿಗಿ, ಅವನ್ನೇ ಬಳಸಿ.

ಕೋಇಂಟಿಗ್ರೇಷನ್ ಇದೆ ಎಂದು ಬಂದರೆ ಅಲ್ಲಿಗೇ ನಿಲ್ಲಿಸಬೇಡಿ. ಎರಡು ಧಾರಣೆ ದೂರ ಸರಿದಾಗ ಎಷ್ಟು ಬೇಗ ಮರಳುತ್ತವೆ ಎಂದು ತೋರಿಸುವ ಎರರ್ ಕರೆಕ್ಷನ್ ಮಾಡೆಲ್‌ನಲ್ಲಿಯೇ ನಿಜವಾದ ರುಚಿ ಇರುವುದು. ಹುಬ್ಬಳ್ಳಿ ಸಮೀಕರಣದಲ್ಲಿ ಎರರ್ ಕರೆಕ್ಷನ್ ಟರ್ಮ್‌ನ ಗುಣಾಂಕ ಮೈನಸ್ 0.3 ಬಂತು ಅಂದುಕೊಳ್ಳಿ. ದಾರಿ ತಪ್ಪಿದ ಅಂತರದಲ್ಲಿ ಶೇ. 30ರಷ್ಟನ್ನು ಹುಬ್ಬಳ್ಳಿ ಒಂದು ತಿಂಗಳಲ್ಲಿ ಸರಿಪಡಿಸಿಕೊಳ್ಳುತ್ತದೆ ಎಂದರ್ಥ. ಬ್ಯಾಡಗಿ ಸಮೀಕರಣದಲ್ಲಿ ಅದೇ ಗುಣಾಂಕ ಸೊನ್ನೆಗಿಂತ ಬೇರೆ ಎನ್ನಲು ಪುರಾವೆ ಇಲ್ಲದಿದ್ದರೆ, ಹುಬ್ಬಳ್ಳಿ ಬ್ಯಾಡಗಿಯನ್ನು ಹಿಂಬಾಲಿಸುತ್ತಿದೆ. ನಿಮ್ಮ ಪ್ರಾಜೆಕ್ಟ್‌ನ ಉತ್ತರ ಇದೇ.

ಉತ್ತರ, ಬ್ಯಾಡಗಿಯಿಂದ, ದಲಾಲಿ ಅಂಗಡಿಯವರು:
ನನಗೆ ಟೆಸ್ಟ್ ಗೊತ್ತಿಲ್ಲ, ಮಾಲು ಗೊತ್ತು. ಯಾವ ಮೆಣಸಿನಕಾಯಿ ಧಾರಣೆ ತೆಗೆದುಕೊಂಡಿದ್ದೀರಿ? ಡಬ್ಬಿ, ಕಡ್ಡಿ, ಗುಂಟೂರು ಮೂರು ಬಗೆಗೂ ದರ ಬೇರೆ. ಡಬ್ಬಿಗೆ ಬಣ್ಣದ ಮೇಲೆ ಬೆಲೆ, ಬಣ್ಣದ ಎಣ್ಣೆ ತೆಗೆಯುವ ಕಂಪನಿಗಳೂ ಕೊಳ್ಳುತ್ತವೆ. ಗುಂಟೂರಿಗೆ ಖಾರವೇ ಮುಖ್ಯ. ಒಂದು ವರ್ಷ ಒಂದು ಕಡೆ ಡಬ್ಬಿ ಜಾಸ್ತಿ ಬಂದರೆ ಅಲ್ಲಿನ ಸರಾಸರಿ ತಾನಾಗಿಯೇ ಏರುತ್ತದೆ. ಅದು ಮಾರುಕಟ್ಟೆಯ ಅಂತರ ಅಲ್ಲರೀ, ಮಾಲಿನ ಅಂತರ. ಎರಡೂ ಕಡೆ ಕಡ್ಡಿ ಒಂದನ್ನೇ ಹಿಡಿದು ನೋಡಿ. ಸೀಸನ್ ಮುಗಿದ ಮೇಲೆ ಆವಕ ಕಡಿಮೆ, ಬರುವುದು ಹೆಚ್ಚಾಗಿ ಕೋಲ್ಡ್ ಸ್ಟೋರೇಜ್ ಮಾಲು. ಆಗ ನಾಲ್ಕಾರು ಚೀಲದ ದರವೇ ಇಡೀ ತಿಂಗಳ ದರ ಆಗಿಬಿಡಬಹುದು. ಆವಕದ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಉತ್ತರ, ಗದಗದಿಂದ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಈರುಳ್ಳಿ ಧಾರಣೆಗೆ ಮಾಡಿದಾಗಲೂ ಟೆಸ್ಟ್‌ಗಿಂತ ಡೇಟಾ ಸರಿಪಡಿಸುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ವಹಿವಾಟು ಇಲ್ಲದ ತಿಂಗಳಿಗೆ ಹಿಂದಿನ ತಿಂಗಳ ದರ ತುಂಬಬೇಡಿ. 2020ರ ಲಾಕ್‌ಡೌನ್ ನಿಮ್ಮ ಅವಧಿಯಲ್ಲಿದ್ದರೆ ಗ್ರೆಗರಿ-ಹ್ಯಾನ್ಸನ್ ಟೆಸ್ಟ್ ಕೂಡ ಮಾಡಿ, ನಡುವೆ ಸಂಬಂಧ ಬದಲಾಗಿದ್ದರೂ ಅದು ಹಿಡಿಯಬಲ್ಲದು. ಮೂರನೆಯ ಮಾರುಕಟ್ಟೆಯಾಗಿ ಆಂಧ್ರದ ಗುಂಟೂರು ಊರನ್ನು ಸೇರಿಸುವುದಾದರೆ, ಎರಡಕ್ಕಿಂತ ಹೆಚ್ಚು ಧಾರಣೆಗಳನ್ನು ಒಟ್ಟಿಗೆ ಪರೀಕ್ಷಿಸಬಲ್ಲ ಯೋಹಾನ್ಸೆನ್ ವಿಧಾನಕ್ಕೆ ಹೋಗಿ. ಅದರಲ್ಲಿ ಲ್ಯಾಗ್ (ಹಿಂದಿನ ಎಷ್ಟು ತಿಂಗಳು ಲೆಕ್ಕಕ್ಕೆ) ಎಷ್ಟು ಎಂಬುದನ್ನು ಮೊದಲೇ ಎಐಸಿ (ಮಾಡೆಲ್‌ಗಳನ್ನು ಹೋಲಿಸುವ ಅಂಕ) ನೋಡಿ ಗಟ್ಟಿ ಮಾಡಿಕೊಳ್ಳಿ, ಲ್ಯಾಗ್ ಬದಲಾದರೆ ಫಲಿತಾಂಶವೂ ಬದಲಾಗಬಹುದು.