ಟಿವಿ-ಸಿನಿಮಾ ಡಿಗ್ರಿಗೆ ಮಗಳನ್ನು ಸೇರಿಸಬಹುದಾ? ಓದಿದವರು ಹೇಳಿ

ದಾವಣಗೆರೆ ಅಪ್ಪ: ಮಗಳ ಪಿಯುಸಿ ಮುಗಿಯಿತು. ಬೆಂಗಳೂರಿನ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಟಿವಿ, ಸಿನಿಮಾ ನಿರ್ಮಾಣ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಡಿಟಿಂಗ್ ಇಷ್ಟವಂತೆ. ಮೂರು ವರ್ಷಕ್ಕೆ 9 ಲಕ್ಷ, ಹಾಸ್ಟೆಲ್ ಬೇರೆ. ಏನು ಮಾಡಲಿ?

ಕಂತು ಕಟ್ಟುವವನು: 9 ಅಂದರೆ 13 ಅಂತ ಇಟ್ಟುಕೊಳ್ಳಿ ಸರ್. ನಾನು ಇಂಥದ್ದೇ ಒಂದು ಕಡೆ ಓದಿದೆ. ಲ್ಯಾಪ್‌ಟಾಪ್ 95 ಸಾವಿರ. ಹಾರ್ಡ್‌ಡಿಸ್ಕ್ ಕೈಜಾರಿ ಬಿತ್ತು, ಡೇಟಾ ತೆಗೆಸೋಕೆ 14 ಸಾವಿರ, ಅದೂ ಅರ್ಧ ಮಾತ್ರ ಸಿಕ್ಕಿತು. ಕೊನೇ ವರ್ಷದ ಶಾರ್ಟ್ ಫಿಲ್ಮಿಗೆ ಕಾಲೇಜು ಕ್ಯಾಮೆರಾ ಕೊಟ್ಟಿತು, ಲೆನ್ಸ್ ಕೊಡಲಿಲ್ಲ! ಲೆನ್ಸ್ ಬಾಡಿಗೆ, ಲೈಟ್ ಜೊತೆ ಬರುವ ಹುಡುಗರಿಗೆ ಬಾಟಾ (ದಿನದ ಭತ್ಯೆ), ಟೆಂಪೋ, ಎಲ್ಲರಿಗೂ ಊಟ, ಮಳೆ ಬಂದು ಒಂದು ದಿನ ದಂಡ, ಎಲ್ಲ ಸೇರಿ 1.8 ಲಕ್ಷ. ಬ್ಯಾಂಕ್ ಸಾಲ ಏಳೂವರೆ ಲಕ್ಷ ದಾಟಿದ್ದಕ್ಕೆ ಅಡಮಾನ ಕೇಳಿದರು, ಅಪ್ಪ ತೋಟದ ಪತ್ರ ಇಟ್ಟರು. ಓದುವಾಗ ಕಂತು ಇಲ್ಲ ಅಂತ ಆರಾಮಾಗಿದ್ದೆವು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಈಗ ಮದುವೆ ವಿಡಿಯೋ ಎಡಿಟ್ ಮಾಡಿ ತೀರಿಸುತ್ತಿದ್ದೇನೆ.

ಕ್ಲಾಪ್ ಅಕ್ಕ: ಡಿಗ್ರಿನೇ ಬೇಡ. ನಾನು ಸೀದಾ ಧಾರಾವಾಹಿ ಸೆಟ್‌ಗೆ ಹೋದೆ. ಅತ್ತೆಯ ಕುಂಕುಮ ಎಷ್ಟಗಲ ಇತ್ತು, ಸೊಸೆಯ ಕೈಯಲ್ಲಿ ಎಷ್ಟು ಬಳೆ ಇತ್ತು, ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ನಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇರೋ ಹಾಗೆ ನೋಡೋದು, ಪೂರ್ತಿ ನನ್ನ ತಲೆ ಮೇಲೆ. ಮೊದಲೇ ತೆಗೆದಿಟ್ಟ ಎಪಿಸೋಡ್‌ಗಳು ಖಾಲಿಯಾದರೆ ಬೆಳಿಗ್ಗೆ ತೆಗೆದದ್ದು ರಾತ್ರಿ ಟೆಲಿಕಾಸ್ಟ್. ಯಾವ ಸಿಲೆಬಸ್ ಇದನ್ನು ಕಲಿಸುತ್ತೆ? ಶುರುವಿನಲ್ಲಿ ಸಂಬಳ ಸರಿಯಾಗಿ ಬರಲಿಲ್ಲ, ಅದು ನಿಜ. ಆದರೆ ಯಾರ ತೋಟವನ್ನೂ ಅಡ ಇಡಲಿಲ್ಲ.

ಹೆಸರಘಟ್ಟ ಹಳಬ: ಇವೆರಡೇ ದಾರಿನಾ? ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಯಾರಿಗೂ ನೆನಪಾಗಲಿಲ್ಲವಾ? ಮೊದಲು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿದ್ದ ವಿಭಾಗ ಅದು. ವಿ.ಕೆ. ಮೂರ್ತಿ, ಹಿಂದಿ ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದು ಅಲ್ಲೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ನಮ್ಮ ಮೂರ್ತಿ. ನಾನು ಅಲ್ಲಿ ಸೌಂಡ್ ಕೋರ್ಸ್ ಮಾಡಿದೆ. ಫೀಸ್ ಹೇಳಿದರೆ ನಗುತ್ತೀರಿ, ಖರ್ಚೆಲ್ಲ ಬಸ್ಸಿಗೇ.

ಕಂತು ಕಟ್ಟುವವನು: ಮೂರ್ತಿಯವರು ಓದಿದ್ದು 1940ರ ದಶಕದಲ್ಲಿ ಸ್ವಾಮಿ. ಅವರ ಹೆಸರಲ್ಲಿ ಇನ್ನೂ ಎಷ್ಟು ದಿನ ಮೀಸೆ ತಿರುವುತ್ತೀರಿ?

ಹೆಸರಘಟ್ಟ ಹಳಬ: ನಿಮ್ಮ ಕಾಲೇಜಿಂದ ಒಂದು ಹೆಸರು ಹೇಳಿ, ನೋಡೋಣ.

ಕ್ಲಾಪ್ ಅಕ್ಕ: ಪುಟ್ಟಣ್ಣ ಕಣಗಾಲ್ ಯಾವ ಕಾಲೇಜು? ನಿರ್ದೇಶಕ ಬಿ.ಆರ್. ಪಂತುಲು ಅವರ ಹತ್ತಿರ ಅಸಿಸ್ಟೆಂಟ್ ಆಗಿ ಕಲಿತವರು.

ಹೆಸರಘಟ್ಟ ಹಳಬ: ಹಾಗಾದರೆ ನಿರ್ದೇಶಕ ಗಿರೀಶ ಕಾಸರವಳ್ಳಿ? ಫಾರ್ಮಸಿ ಓದಿದ್ದವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕಲಿತು, ಮೊದಲ ಚಿತ್ರಕ್ಕೇ ಸ್ವರ್ಣ ಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದರು.

ಕ್ಲಾಪ್ ಅಕ್ಕ: ಪುಣೆ ಸೀಟು ಏನು ಸಂತೆಯಲ್ಲಿ ಸಿಗುತ್ತಾ? ದೇಶಕ್ಕೆಲ್ಲ ಸೇರಿ ಒಂದು ಹಿಡಿ ಸೀಟು. ಸುಮ್ನೆ ದೊಡ್ಡ ಹೆಸರು ಹೇಳಿ ಆ ಮಗೂನ ಯಾಕೆ ಕೆಡಿಸುತ್ತೀರಿ?

ದಾವಣಗೆರೆ ಅಪ್ಪ: ಎಡಿಟಿಂಗ್ ಬಗ್ಗೆ ಯಾರಾದರೂ...

ಹೆಸರಘಟ್ಟ ಹಳಬ: ಒಂದು ನಿಮಿಷ ಸರ್. ಕಂತಿನವರೇ, ಡೇಟಾ ತೆಗೆಸೋಕೆ 14 ಸಾವಿರವಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಆರು ಸಾವಿರಕ್ಕೆ ಮಾಡಿಕೊಡುತ್ತಾರೆ.

ಕಂತು ಕಟ್ಟುವವನು: ಆರಕ್ಕೆ ಮಾಡುತ್ತೇನೆ ಅಂದವನೇ ಅದನ್ನು ಪೂರ್ತಿ ಕೆಡಿಸಿದ್ದು!